ಕುರಿ ಈಯುವವರೆಗೆ ಕಾದ ರಾಕೆಟ್

ಎರಡು ವರ್ಷದ ಹಿಂದಿನ ಮಾತು, ಮಾಗಿಯ ಚಳಿಗಾಲ. ರಾಕೆಟ್ ಹಾರುವಾಗ ಬರುವ ಹೊಗೆ ಸುತ್ತಲಿನ ಗಾಳಿಯಲ್ಲಿ ಎತ್ತ ಹರಡಿ ಎಲ್ಲಿ ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ನನ್ನ ಸಂಶೋಧನೆ. ಹಿರಿಯೂರಿನಾಚೆಯ ಬಯಲಿನಲ್ಲಿ ಸಣ್ಣದೊಂದು ರಾಕೆಟ್ಟಿನ ಪರೀಕ್ಷೆ ಇತ್ತು. ನನ್ನ ಲೆಕ್ಕ ಸರಿಯೋ ತಪ್ಪೋ ಅಂದೇ ಗೊತ್ತಾಗಬೇಕಿತ್ತು.

ಬೆಳಕು ಹರಿಯುವ ಹೊತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ರೆಕ್ಕೆ ಅಲುಗಿಸದೆ ಮಂಜಿನಲ್ಲಿ ನಿಂತಿದ್ದವು. ಗಾಳಿ ಇಲ್ಲದಿದ್ದರೆ ಹೊಗೆ ಪಕ್ಕದ ತಗ್ಗಿನಲ್ಲಿ ಇಳಿದು ಕೂರುತ್ತದೆ ಎಂದು ನನ್ನ ನಕ್ಷೆ ತೋರಿಸಿತ್ತು. ಹೊಗೆ ಅಳೆಯುವ ಯಂತ್ರ ಇಡಲು ಅಲ್ಲಿಗೆ ಹೋದರೆ, ಹಿಂದಿನ ಸಂಜೆ ಬಂದು ತಂಗಿದ್ದ ಕುರಿಮಂದೆ, ಕಂಬಳಿ ಹೊದ್ದ ಒಬ್ಬ ಅಜ್ಜಿ, ಅವರ ಸೊಸೆ.

“ಅಜ್ಜಿ, ಇಲ್ಲಿಗೆ ಕೆಟ್ಟ ಹೊಗೆ ಬರ್ತತೆ. ದಿಬ್ಬದ ಮೇಲಕ್ಕೆ ಹೋಗಾಣ ಬರ್ರಿ.”

ಸೊಸೆ ಮಂದೆಯನ್ನು ಹೊಡೆದುಕೊಂಡು ಹೊರಟಳು. ಅಜ್ಜಿ ಏಳಲಿಲ್ಲ. “ಈ ಕುರಿ ಈಯ್ತಾ ಐತವ್ವ. ಹೆಂಗೆ ಎಬ್ಬಿಸ್ಲಿ?”

ಪರೀಕ್ಷೆಯ ಹೊಣೆ ಹೊತ್ತಿದ್ದ ಅಧಿಕಾರಿಗೆ ಫೋನ್ ಮಾಡಿದೆ. “ಸರ್, ನಿಲ್ಸಿ. ಇಲ್ಲೊಂದು ಕುರಿ ಈಯ್ತಾ ಇದೆ.”

ಅವರು ಕೇಳಿದರು, “ಎಷ್ಟೊತ್ತಾಗುತ್ತಂತೆ?”

ಅಜ್ಜಿಯನ್ನು ಕೇಳಿದೆ. “ಅದನ್ನ ಕುರೀನೇ ಕೇಳ್ಬೇಕು,” ಎಂದರು.

“ಆಯ್ತು, ನೀವು ಹೇಳೋತನಕ ಹಾರ್ಸಲ್ಲ. ಗಾಳಿ ಎದ್ರೆ ಮಾತ್ರ ಇವತ್ತಿಂದು ರದ್ದು,” ಎಂದು ಅಧಿಕಾರಿ ಫೋನ್ ಇಟ್ಟರು.

ಅಷ್ಟು ದಿನ ಕಾದದ್ದು ಕೈತಪ್ಪುವುದೇನೋ ಎಂದು ಗಾಳಿಯಂತ್ರದ ಕಡೆ ನೋಡುತ್ತಾ ಕುರಿಯ ತಲೆ ಹಿಡಿದು ಕೂತೆ. ಅದರ ಬಿಸಿಯುಸಿರು ಅಂಗೈಗೆ ತಾಗುತ್ತಿತ್ತು. ಬರಬರುತ್ತಾ ರಾಕೆಟ್ಟು, ಲೆಕ್ಕ ಎಲ್ಲವೂ ಮಂಜಿನೊಳಗೆ ಕರಗಿದ ಹಾಗಾಯಿತು. ಕೊನೆಗೆ ಮರಿ ಜಾರಿ ಹೊರಬಂತು. ಅಲುಗಾಡಲಿಲ್ಲ. ಅಜ್ಜಿ ಅದರ ಮೂಗು ಒರೆಸಿ, ಬಾಯಿಟ್ಟು ಊದಿದರು. ಅದು ಸಣ್ಣಗೆ ಸೀನಿತು. ಹೊಗೆ ಅಳೆಯುವ ಯಂತ್ರವನ್ನು ತಗ್ಗಿನಲ್ಲೇ ಇಟ್ಟು, ಮರಿಯನ್ನು ನನ್ನ ಶಾಲಿನಲ್ಲಿ ಸುತ್ತಿಕೊಂಡು ದಿಬ್ಬ ಹತ್ತಿದೆವು. ತಾಯಿಕುರಿ ಕೂಗುತ್ತಾ ಹಿಂದೆಯೇ ಬಂತು. ಗಾಳಿಯಂತ್ರಗಳ ರೆಕ್ಕೆ ಇನ್ನೂ ನಿಂತೇ ಇದ್ದವು. “ಹಾರ್ಸಿ ಸರ್,” ಎಂದೆ.

ಮೊದಲು ಬೆಂಕಿ ಕಂಡಿತು, ಆಮೇಲೆ ಸದ್ದು ಬಂತು. ಬೆಳ್ಳನೆಯ ಹೊಗೆ ಎಳೆಬಿಸಿಲಿಗೆ ಕೆಂಪಾಗಿ, ನಿಧಾನವಾಗಿ ನಾವು ಕೂತಿದ್ದ ತಗ್ಗಿಗೇ ಇಳಿಯಿತು. ನಕ್ಷೆಯಲ್ಲಿ ಕಂಡ ಹಾಗೆಯೇ.

“ಹಿಂಗಾಗ್ತತೆ ಅಂತ ನಿಂಗೆ ಹೆಂಗೆ ಗೊತ್ತಿತ್ತು?” ಎಂದು ಅಜ್ಜಿ ಕೇಳಿದರು.

“ಕಂಪ್ಯೂಟರ್‌ನಾಗೆ ನೋಡಿದ್ದೆ.”

“ಅದ್ರಾಗೆ ನಾವಿದ್ವಾ?”

“ಇರ್ಲಿಲ್ಲ ಅಜ್ಜಿ.”

ಅಜ್ಜಿ ನಕ್ಕು ಮರಿಯನ್ನು ತಾಯಿಯ ಮೊಲೆಗೆ ಹಿಡಿದರು.

ಈಗಲೂ ನಕ್ಷೆಯಲ್ಲಿ ಖಾಲಿ ಜಾಗ ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಒಮ್ಮೆ ಅಲ್ಲಿಗೆ ಹೋಗಿ, ಯಾರಿದ್ದಾರೆ ಎಂದು ನೋಡಿ ಬರುತ್ತೇನೆ.