ನೆವ ಹೇಳದ ಕೀರ್ತನೆ

ನರ್ಸ್‌ಬಾಯಾರ ಕನ್ನಡಕದ ಎಡಗಡೆ ಕಡ್ಡಿ ಮುರಿದು ಎಷ್ಟು ವರ್ಷವಾಗಿತ್ತೋ, ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯನ್ನೇ ಅದಕ್ಕೆ ಸುತ್ತಿಕೊಂಡಿದ್ದರು. ಬೆಳಿಗ್ಗೆ ಆರೂವರೆಗೆ ಆ ಕನ್ನಡಕ ಏರಿಸಿ, ಆಸ್ಪತ್ರೆಯ ಹಿಂದಿನ ತಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ಬೈಬಲ್ಲಿನ ಕೀರ್ತನೆ ಓದುತ್ತಿದ್ದರು. ಯೆಹೂದ್ಯರು ಹಿಬ್ರೂ ಭಾಷೆಯಲ್ಲಿ ಎಂದೋ ಹಾಡಿಕೊಂಡ ಕೀರ್ತನೆಗಳು. ಕನ್ನಡದಲ್ಲಿ ಇವರ ಬಾಯಿಗೆ ಬಂದಾಗ ಸಂತೆಯಲ್ಲಿ ಕಾಯಿಪಲ್ಯೆಯವಳ ಜೊತೆ ಜಗಳ ತೆಗೆದಂತೆ ಕೇಳುತ್ತಿತ್ತು.

ನಾನು ಕುಂದಗೋಳ ತಾಲೂಕಿನ ಆ ಊರಿನ ಆಶಾ ಕಾರ್ಯಕರ್ತೆ. ನಮ್ಮದು ಶಿವಭಕ್ತರ ಮನೆ. ಲಿಂಗಪೂಜೆಯ ಹೊತ್ತಿಗೆ ಕೆಮ್ಮಿದರೂ ಅವ್ವ ಕೆಕ್ಕರಿಸಿ ನೋಡುತ್ತಿದ್ದಳು. ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ: "ದೇವರನ್ನ ಹಿಂಗ ಬೈತಾರೇನ್ರಿ ಬಾಯಾರ?"

"ಬೈಯೂದಲ್ಲ ತಂಗಿ, ಕೇಳೂದು. ಎಷ್ಟು ದಿನಾ ಸುಮ್ಮನ ಕುಂಡರ್ತೀಯಪಾ ಅಂತ ಆ ಮಂದಿ ಕೇಳ್ಯಾರ. ಕೇಳಿ ಎದ್ದು ಹೋಗಿಲ್ಲ, ಅಲ್ಲೇ ಕುಂತಾರ. ಕೊಡಾಂವ ಅಂವನ ಅಂತ ಅವರಿಗೆ ಗೊತ್ತೈತಿ."

ಕೆಲಸದಲ್ಲಿ ಅಗದಿ ಬಿಗಿ ಹೆಂಗಸು. ಬಸುರಿಯರ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಕುಳಿ ಬಿತ್ತೋ ಇಲ್ಲವೋ ನೋಡುವುದನ್ನು ನನಗೆ ನೂರು ಸಲ ಕಲಿಸಿದ್ದರು. ಬಾವು ಬಂದರೆ ರಕ್ತದೊತ್ತಡ ಏರಿರಬಹುದು, ತಡಮಾಡಿದರೆ ತಾಯಿಗೂ ಕೂಸಿಗೂ ಅಪಾಯ.

ಆ ಶ್ರಾವಣದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಮಳೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಹುಡುಗಿಯೊಬ್ಬಳ ಮನೆ ಊರಾಚೆ ಹೊಲದಲ್ಲಿತ್ತು. ಎರೆ ಮಣ್ಣಿನ ದಾರಿ. ಹೂತ ಚಪ್ಪಲಿ ಮೇಲೆ ಬರುತ್ತಿರಲಿಲ್ಲ. ನಾನು ಹೋಗಲಿಲ್ಲ. ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತು, ಭೇಟಿಯ ಪುಸ್ತಕದಲ್ಲಿ 'ಆರೋಗ್ಯವಾಗಿದ್ದಾಳೆ, ಬಾವು ಇಲ್ಲ' ಎಂದು ಬರೆದುಬಿಟ್ಟೆ. ಐದನೆಯ ದಿನ ಅವಳಿಗೆ ಫಿಟ್ಸ್ ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಆಪರೇಶನ್ ಮಾಡಿ ಕೂಸು ತೆಗೆದರು. ಎರಡೂ ಜೀವ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ.

ಬಾಯಾರು ಪುಸ್ತಕ ತೆರೆದು ಕೇಳಿದರು: "ಹೋಗಿದ್ದಿ?"

"ಹೋಗಿದ್ನಿರಿ."

ಅವರು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು. ಮರುದಿನ ಬೆಳಿಗ್ಗೆ ಅವರು ಓದಿದ ಕೀರ್ತನೆಯಲ್ಲಿ ಒಬ್ಬ, ತಪ್ಪನ್ನು ಒಳಗೇ ಮುಚ್ಚಿಟ್ಟು ತನ್ನ ಎಲುಬು ಸವೆದುಹೋದವೆಂದು ಗೋಳಾಡುತ್ತಿದ್ದ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತೆ. "ಹೋಗಿರಲಿಲ್ರಿ ಬಾಯಾರ. ಮಳಿ ಅಷ್ಟಿತ್ತು, ದಾರ್‍ಯಾಗ ಕೆಸರು..."

"ಮಳೀನ್ಯಾಕ ಸಾಕ್ಷಿ ಕರೀತಿ? ಕೆಲಸ ನಿಂದೋ ಮಳೀದೋ?" ಎಂದರು. "ಈ ಹಾಡಿನಾಗ ಅಂವ ಒಂದ ನೆವಾನೂ ಹೇಳಂಗಿಲ್ಲ ನೋಡು. ನಾ ಮಾಡೇನಿ ಅಂತಾನ, ನಿನ್ನ ಕರುಣಾ ದೊಡ್ಡದು ಅಂತಾನ, ಮುಗೀತು. ಏಳು, ಹುಬ್ಬಳ್ಳಿಗೆ ಹೋಗೂಣು."

ಆಸ್ಪತ್ರೆಯಲ್ಲಿ ಹುಡುಗಿಯ ತಾಯಿಯ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬಾಯಾರು ನನ್ನ ಬಾಜು ನಿಂತು, "ವಿಚಾರ್ಸಲಾರದ ಆ ಪುಸ್ತಕಕ್ಕ ಸಹಿ ಹಾಕಿದಾಕಿ ನಾನ್ರಿ. ನಂದೂ ತಪ್ಪೈತಿ" ಎಂದರು.

"ನನ್ನ ಮಗಳಿಗೆ ಏನರ ಆದ್ರ ನಿನ್ನ ಬಿಡಂಗಿಲ್ಲ! ಮಾರಿ ತೋರಸಬ್ಯಾಡ, ಹೋಗ!" ಎಂದು ಆ ತಾಯಿ ನನ್ನತ್ತ ಚೀರಿದಳು.

ಹೊರಗೆ ಬೆಂಚಿನ ಮೇಲೆ ಕುಳಿತು ನಾನೆಂದೆ: "ಕ್ಷಮಾ ಸಿಗಲಿಲ್ಲಲ್ರಿ."

"ಸಿಗತೈತಂತ ಬಂದಿದ್ದೇನು? ಹೇಳಾಕ ಬಂದಿದ್ದಿ, ಹೇಳಿದಿ. ಇನ್ನ ಕಾಯೂದು. ಆ ಹಾಡಿನ ಮಂದಿ ಮಾಡಿದ್ದೂ ಅಷ್ಟ." ಚೀಲದಿಂದ ರೊಟ್ಟಿ ತೆಗೆದು ಅರ್ಧ ಮುರಿದು ಕೊಟ್ಟರು. "ತಿನ್ನು. ಉಪಾಸ ಕುಂತ್ರ ಪಾಪ ಕಡಿಮಿ ಆಗಂಗಿಲ್ಲ."

ದೇವರು ದೊಡ್ಡವನು, ತಾಯಿ-ಮಗು ಇಬ್ಬರೂ ಬದುಕಿ ಮನೆಗೆ ಬಂದರು. ಮೇಲಿನವರು ಎಚ್ಚರಿಕೆ ಕೊಟ್ಟು ನನ್ನ ಕೆಲಸ ಉಳಿಸಿದ್ದರು. ಹಸುಗೂಸನ್ನು ಮನೆಗೇ ಹೋಗಿ ನೋಡಬೇಕಾದವಳೂ ನಾನೇ! ಮೂರು ಸಲ ಹೋದೆ. ಮೂರು ಸಲವೂ ಹುಡುಗಿಯ ತಾಯಿ ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು. ಕೂಸನ್ನು ಬಾಯಾರೇ ಹೋಗಿ ನೋಡಿ ಬರುತ್ತಿದ್ದರು, ಆದರೂ ನನಗೆ "ನಾಳಿ ನೀನೂ ಹೋಗು" ಎನ್ನುವುದನ್ನು ಬಿಡಲಿಲ್ಲ. ನಾಲ್ಕನೆಯ ಸಲ ಮತ್ತೆ ಮಳೆ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಅಂಗಳದಲ್ಲಿ ನಿಂತೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ತಂಬಿಗೆ ನೀರಿತ್ತು. "ಕಾಲು ತೊಳಕೊಂಡು ಬಾ. ಕೂಸು ಎದ್ದೈತಿ."

ನಮ್ಮ ಕಡೆ ಕಾಲಿಗೆ ನೀರು ಕೊಡುವುದು ಒಳಗೆ ಕರೆಯುವವರಿಗೆ ಮಾತ್ರ. ಹುಚ್ಚಿಯ ಹಾಗೆ ಅಳುತ್ತ ಕಾಲು ತೊಳೆದೆ. ಬಾಯಾರಿಗೆ ಹೇಳಿದಾಗ ಅವರು ಕಣ್ಣೊರೆಸಿಕೊಂಡು, "ನನಗೂ ನೀರು ಕೊಟ್ಟಂಗಾತು" ಎಂದರು.

ನಿವೃತ್ತರಾಗಿ ಹುಬ್ಬಳ್ಳಿ ಸೇರಿದ್ದ ಅವರು ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಆ ಹುಡುಗಿಯ ತಾಯಿಯೂ ನನ್ನ ಜೊತೆ ಬಂದಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಊರು ಹತ್ತಿರವಾದಾಗ ಆಕೆ ಕಿಟಕಿಯಾಚೆ ನೋಡುತ್ತಲೇ ಹೇಳಿದಳು:

"ಸಣ್ಣ ಮಗಳು ಬಸರದಾಳ. ದೀಪಾವಳಿಗೆ ಕರಕೊಂಡು ಬರ್ತೀನಿ. ಆಕಿನ್ನ ನೀನ ನೋಡಬೇಕವಾ, ಮತ್ಯಾರೂ ಬ್ಯಾಡ."

"ಹೂಂರಿ. ಪಾದಕ್ಕ ಬಾವು ಏನರ ಐತೇನ್ರಿ?" ಎಂದು ಕೇಳಿದೆ.