ಸಾಗವಾನಿಯ ಹುಲಿಜೀರುಂಡೆ

ಅಂಗಳದಲ್ಲಿ ಒಣಹಾಕಿದ ಸೌದೆಯೊಳಗಿಂದ ಇರುವೆಯಂಥದೊಂದು ಹುಳು ಹೊರಬಂದರೆ ನೀವು ಕಾಲಲ್ಲಿ ಸರಿಸಿ ಒಳಗೆ ಹೋಗುತ್ತೀರಿ, ಗೆಳೆಯರೇ. ನನಗೆ ಮಾತ್ರ ಅದರ ಕತ್ತು ಉದ್ದವೇ, ತೊಡೆ ಕೆಂಪೇ ಎಂದು ಬಗ್ಗಿ ನೋಡದೆ ಇರಲಾಗುವುದಿಲ್ಲ. ಮರದ ಮೇಲೆಯೇ ಬದುಕಿ, ಇರುವೆಯ ವೇಷದಲ್ಲಿ ಇರುವೆಗಳನ್ನೇ ಬೇಟೆಯಾಡುವ, ಹಾರಲಾರದ ಆ ಹುಲಿಜೀರುಂಡೆಯನ್ನು ನನಗೆ ತೋರಿಸಿದವಳು ನನ್ನ ಅಣ್ಣನ ಹೆಂಡತಿ, ನೀಲವ್ವ ವೈನಿ.

ಅಣ್ಣ ದಾಂಡೇಲಿ ಕಾಡಿನಲ್ಲಿ ಗಾರ್ಡ್ ಆಗಿದ್ದ. ಮೌಳಂಗಿಯ ನದಿದಂಡೆಯ ಸರಕಾರಿ ಮನೆಯಲ್ಲಿ ಅವರ ಎಳೆಯ ಮಗಳು ಚೆನ್ನಿ ಚಳಿಜ್ವರದಿಂದ ತೀರಿಕೊಂಡ ಮೇಲೆ ವೈನಿ ಮಾತು ಬಿಟ್ಟಳು. ರೊಟ್ಟಿ ಬಡಿಯುವಳು, ನೀರು ತರುವಳು, ತುಟಿ ಮಾತ್ರ ತೆರೆಯಳು. ಅವಳಿಗೆ ಜೊತೆಯಾಗಲೆಂದು ನಾದಿನಿಯಾದ ನಾನು ಹಳಿಯಾಳದಿಂದ ಹೋಗಿದ್ದೆ. ಒಂದು ಬೆಳಗ್ಗೆ ಮನೆಯೆದುರಿನ ಸಾಗವಾನಿಯ ಮೇಲೆ ಈ ಹುಳು ಓಡುತ್ತಿತ್ತು. ವೈನಿ ಹತ್ತಿರ ಹೋದರೆ ಅದು ಆಚೆ ಮಗ್ಗುಲಿಗೆ ಸರಿಯಿತು. ಇವಳು ಆಚೆ ಹೋದರೆ ಅದು ಈಚೆ. ಸುತ್ತಿ ಸುತ್ತಿ ಸಾಕಾಗಿ ವೈನಿ ನಕ್ಕುಬಿಟ್ಟಳು.

"ನಮ್ಮ ಚೆನ್ನಿನೂ ಹಿಂಗ ಕಂಬದ ಹಿಂದ ಅಡಗತಿದ್ಲಲ್ಲ?"

ಬಂಧುಬಳಗವೆಲ್ಲ ಸೇರಿ ಹೇಳಿದ ಸಮಾಧಾನದ ಮಾತಿನಿಂದ ಆಗದ್ದನ್ನು ಒಂದು ಹುಳು ಮಾಡಿತ್ತು. ಅಂದಿನಿಂದ ದಿನವೂ ಆ ಮರ, ಆ ಆಟ, ಒಂದಷ್ಟು ಮಾತು.

ಆಮೇಲೆ ಯುದ್ಧ ಬಂತು. ಎಲ್ಲಿಯೋ ದೊರೆಗಳು ಬಡಿದಾಡಲು ನಮ್ಮ ಸಾಗವಾನಿ ಬೇಕಾಯಿತು. ಕಡಿಯುವ ಮರಗಳಿಗೆ ಸುತ್ತಿಗೆಯಿಂದ ಮುದ್ರೆ ಹೊಡೆಯುವ ಕೆಲಸ ಅಣ್ಣನದು.

"ಅದೊಂದು ಗಿಡ ಬಿಡ್ರಿ," ಎಂದು ವೈನಿ ಅವನ ಕೈ ಹಿಡಿದಳು.

"ಸರಕಾರದ ಹುಕುಂ ಐತಿ. ಒಂದು ಹುಳಕ್ಕಾಗಿ ನೌಕರಿ ಕಳಕೊಳ್ಳಲೇನು?"

"ಹುಳಕ್ಕಲ್ರಿ."

ಅಣ್ಣನಿಗೆ ಅರ್ಥವಾಗಲಿಲ್ಲವೆಂದು ನಾನು ಹೇಳಲಾರೆ. ಹುಳು ಮರದ ಮರೆಗೆ ಸರಿಯುತ್ತದೆ, ಮನುಷ್ಯ ಹುಕುಮಿನ ಮರೆಗೆ. ಮುದ್ರೆ ಬಿತ್ತು, ಮರವೂ ಬಿತ್ತು. ಉರುಳಿದ ಬೊಡ್ಡೆಯ ಮೇಲೆ ಜೀರುಂಡೆಯೊಂದು ಆಚೆ ಮಗ್ಗುಲಿಗೆ ಓಡಿ, ಅಲ್ಲಿ ನೆಲ ಅಡ್ಡವಾಗಿ, ದಾರಿ ಕಾಣದೆ ತಿರುಗುತ್ತಿತ್ತು. ವೈನಿ ಅದನ್ನು ಬಹಳ ಹೊತ್ತು ನೋಡಿದಳು. ಮರುದಿನ ತವರುಮನೆ ತೇರಗಾಂವಕ್ಕೆ ಹೊರಟುಹೋದಳು.

ಯುದ್ಧ ಮುಗಿಯಿತು. ಆ ದಿಮ್ಮಿಯನ್ನು ಯಾರೂ ಒಯ್ಯಲೇ ಇಲ್ಲ. ನದಿದಂಡೆಯಲ್ಲಿ ಬಿಸಿಲಿಗೆ ಬಿರಿದು ಬಿದ್ದಿತ್ತು. ವೈನಿಯನ್ನು ಕರೆತರಲು ಹೋದ ಅಣ್ಣನ ಜೊತೆ ನಾನೂ ಇದ್ದೆ. ಅವಳು ಕಾಲಿಗೆ ನೀರು ಕೊಟ್ಟಳು, ತಾಟು ಹಾಕಿದಳು. ಅಣ್ಣ ತುತ್ತು ಕೈಯಲ್ಲೇ ಹಿಡಿದು ಹೇಳಿದ: "ಆ ಗಿಡ ಬಿಟ್ಟಿದ್ರೂ ಯಾರೂ ಕೇಳ್ತಿರಲಿಲ್ಲ, ನೀಲಾ. ಹೋಗೂಣು ಬಾ."

ವೈನಿ ಅವನತ್ತ ತಿರುಗಲಿಲ್ಲ. ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

"ನಿಮ್ಮಣ್ಣಗ ಇನ್ನೊಂದು ಬೇಕೇನು ಕೇಳವಾ," ಎಂದಳು.