ಸೊರಬದ ಟೀಚರು ಜಪಾನಿನಲ್ಲಿ ಓಡಿದ್ದು

ಕಳೆದ ತಿಂಗಳು ನನ್ನ ನಾದಿನಿ ಜಪಾನಿನಲ್ಲಿ ಗುರುತು ಪರಿಚಯವಿಲ್ಲದ ಎರಡು ಮಕ್ಕಳ ಕೈಹಿಡಿದು ಎಳೆದುಕೊಂಡು ಓಡಿದಳು. ಮಕ್ಕಳ ಕಳ್ಳಿಯಲ್ಲ. ಸೊರಬ ತಾಲ್ಲೂಕಿನ ಹಳ್ಳಿ ಶಾಲೆಯೊಂದರ ಡ್ರಾಯಿಂಗ್ ಟೀಚರು.

ಹೆಸರು ಸವಿತಾ. ಜಪಾನಿನ ಒಂದು ಸ್ಟುಡಿಯೋದವರು ಕೈಯಲ್ಲೇ ಬಿಡಿಸಿ ಮಾಡುವ ಅನಿಮೇಷನ್ ಸಿನಿಮಾಗಳೆಂದರೆ ಅವಳಿಗೆ ಪ್ರಾಣ. ಶಿಕಾರಿಪುರದ ನಮ್ಮ ಮನೆಗೆ ಬಂದಳೆಂದರೆ ಟಿವಿ ಅವಳದೇ. ಆ ಸ್ಟುಡಿಯೋದ ಮ್ಯೂಸಿಯಂ ನೋಡಲೇಬೇಕೆಂಬುದು ಹತ್ತು ವರ್ಷದ ಹಠ. ಈ ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಜೊತೆಗೆ ಹೊರಟೆವು. (ಕಾರ್ಟೂನು ಮಕ್ಕಳಿಗೆ ಎಂಬ ಅಭಿಪ್ರಾಯ ನನಗಿತ್ತು. ಅವಳೆದುರು ಹೇಳುವ ಧೈರ್ಯವಿರಲಿಲ್ಲ.)

ಮ್ಯೂಸಿಯಂನಲ್ಲೊಂದು ಕೋಣೆ. ಕಲಾವಿದರ ಮೇಜು, ಸವೆದ ಕುಂಚಗಳು, ಬಣ್ಣದ ಬಾಟಲಿಗಳು. ಗೋಡೆಯ ತುಂಬ ಪೆನ್ಸಿಲ್ ಚಿತ್ರಗಳು. ಸಿನಿಮಾದಲ್ಲಿ ಒಂದು ಹುಡುಗಿ ತಿರುಗಿ ನೋಡುವುದಕ್ಕೇ ಎಷ್ಟೊಂದು ಹಾಳೆ. ಸವಿತಾ ನಿಂತಲ್ಲೇ ಅತ್ತಳು.

"ಮದುವೇಲೂ ಇಷ್ಟು ಅತ್ತಿರ್ಲಿಲ್ಲ ಕಣೇ ನೀನು," ಎಂದಳು ನನ್ನ ಹೆಂಡತಿ.

"ಅಲ್ಲಿ ಅಳೋವಂಥದ್ದು ಏನಿತ್ತಕ್ಕಾ?"

ನಗು ಮುಗಿದಿರಲಿಲ್ಲ. ಕೋಣೆಯಲ್ಲಿದ್ದ ಅಷ್ಟೂ ಮೊಬೈಲುಗಳು ಒಟ್ಟಿಗೆ ಕೂಗಿಕೊಂಡವು.

ಭೂಕಂಪದ ಎಚ್ಚರಿಕೆ. ಅಲ್ಲಿಯವರೆಲ್ಲ ತಲೆ ಮುಚ್ಚಿಕೊಂಡು ನೆಲಕ್ಕೆ ಕೂತರು. ಆದರೆ ಸವಿತಾಗೆ ಕೇಳಿಸಿದ್ದು ಬೇರೆ. ಅವಳ ಶಾಲೆಯ ಹತ್ತಿರ ಕಲ್ಲುಕ್ವಾರಿಯಿದೆ. ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗುತ್ತದೆ. ಕೂಗಿದ ತಕ್ಷಣ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಬೇಕು, ತಲೆಯ ಮೇಲೆ ಹಂಚು ಬೀಳದಂತೆ. ವರ್ಷಗಳಿಂದ ಮಾಡಿದ ಕೆಲಸ. ಅವಳ ಕೈ ತಾನಾಗಿಯೇ ಹತ್ತಿರದ ಎರಡು ಪುಟ್ಟ ಕೈಗಳನ್ನು ಹಿಡಿಯಿತು.

"ಬನ್ನಿ, ಬನ್ನಿ, ಹೊರಗೆ."

ಕನ್ನಡದಲ್ಲೇ. ಮಕ್ಕಳು ಹೊರಟೇಬಿಟ್ಟವು. ಟೀಚರ ಕೈ ಎಂಬುದು ಎಲ್ಲ ದೇಶದ ಮಕ್ಕಳಿಗೂ ತಿಳಿಯುತ್ತದೋ ಏನೋ.

ಅಷ್ಟರಲ್ಲಿ ನೆಲ ಅಲುಗಿತು. ನಮ್ಮ ಅಂಬ್ಲಿಗೊಳ ಡ್ಯಾಮಿನ ನೀರಿನಲ್ಲಿ ತೆಪ್ಪದ ಮೇಲೆ ನಿಂತಂತೆ. ಗೋಡೆಯ ಹಾಳೆಗಳೆಲ್ಲ ಪಟಪಟ ಹೊಡೆದುಕೊಂಡವು. ನಾನೇನು ಮಾಡಿದೆ? ಒಂದು ಕಂಬವನ್ನು ತಬ್ಬಿ ನಿಂತೆ. ಸವಿತಾ ಬಾಗಿಲ ಹತ್ತಿರ ಹೋಗಿಯಾಗಿತ್ತು.

ಬಾಗಿಲ ಬಳಿ ಕೂತಿದ್ದ ಮ್ಯೂಸಿಯಂನ ಹೆಂಗಸು, ಅರವತ್ತರ ಆಸುಪಾಸಿನವರು, ಕೂತಲ್ಲಿಂದಲೇ ಹಾರಿ ಅವಳ ಸೊಂಟ ಹಿಡಿದು ಒಳಕ್ಕೆ ಎಳೆದರು. ಮೂವರೂ ಬಿದ್ದರು. ಮಕ್ಕಳು ಕೆಳಗೆ, ಸವಿತಾ ಮೇಲೆ. ಮರುಕ್ಷಣ ಬಾಗಿಲ ಮೇಲಿನ ಬಣ್ಣದ ಗಾಜು ಹೊರಗಿನ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು.

ಇನ್ನು ಮೂರು ಹೆಜ್ಜೆ. ಅಷ್ಟೇ.

ಈಗಲೂ ಬೈಕ್ ಸ್ಟಾರ್ಟ್ ಮಾಡುವಾಗ, ಹಲ್ಲುಜ್ಜುವಾಗ, ಆ ಮೂರು ಹೆಜ್ಜೆಯನ್ನು ಎಣಿಸುತ್ತಿರುತ್ತೇನೆ. ಕೆಲವೊಮ್ಮೆ ನನ್ನ ಲೆಕ್ಕದಲ್ಲಿ ಆ ಹೆಂಗಸು ತಡವಾಗಿ ಏಳುತ್ತಾರೆ.

ಅಲುಗಾಟ ನಿಂತಿತು. ಆಚೆ ಕೋಣೆಯಿಂದ ಮಕ್ಕಳ ತಾಯಿ ಓಡಿಬಂದಳು. ಅವಳಿಗೆ ಕಂಡದ್ದು ತನ್ನ ಮಕ್ಕಳ ಮೇಲೆ ಬೋರಲು ಬಿದ್ದು ಕಾಪಾಡಿದ ಒಬ್ಬ ವಿದೇಶಿ ಹೆಂಗಸು. ಅಳುತ್ತಾ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಮತ್ತೆ ಮತ್ತೆ. ಸವಿತಾ "ನೋ, ನೋ" ಎನ್ನುತ್ತಿದ್ದಳು. ಆ ತಾಯಿ ಅದನ್ನೂ ವಿನಯವೆಂದೇ ತಿಳಿದಳು. ನಿಜ ಗೊತ್ತಿದ್ದ ಬಾಗಿಲ ಹೆಂಗಸು ತುಟಿ ಬಿಚ್ಚದೆ ಗಾಜು ಗುಡಿಸಲು ಹೋದರು.

"ಆ ತಾಯಿ ಬೈದಿದ್ರೆ ಚೆನ್ನಾಗಿರ್ತಿತ್ತು ಭಾವ," ಎಂದಳು ಸವಿತಾ, ವಿಮಾನದಲ್ಲಿ.

ಶಾಲೆ ಶುರುವಾಗಿದೆ. ಮೊನ್ನೆ ಹನ್ನೊಂದು ಗಂಟೆಗೆ ಅವಳ ಫೋನು ಬಂತು. ಹಿಂದೆ ಸೈರನ್ ಕೂಗುತ್ತಿತ್ತು.

"ಭಾವ, ಕ್ವಾರೀದು. ಮಕ್ಳು ಎದ್ದು ನಿಂತಾವೆ, ನನ್ನ ಕೈ ನೋಡ್ತಾ ಇದಾವೆ. ಹೊರಗೆ ಕರ್ಕೊಂಡು ಹೋಗ್ಲೋ, ಬೇಡ್ವೋ?"

"ಹೋಗು," ಎಂದೆ. ಸರಿಯಾದ ಉತ್ತರವೇ. ಆದರೆ ಅದನ್ನು ಹೇಳುವಾಗ ಶಿಕಾರಿಪುರದಲ್ಲಿದ್ದ ನಾನು ಜಗುಲಿಯ ಕಂಬವನ್ನು ಏಕೆ ತಬ್ಬಿಕೊಂಡಿದ್ದೆ?